ಗಿರಣಿ ಹಿಟ್ಟಿಗೆ ಕಬ್ಬಿಣ ಹಾಕೋರು ಯಾರು?

ಅಂಗಡಿ ಗೋಧಿ ಹಿಟ್ಟಿನ ಪ್ಯಾಕೆಟ್ ಮೇಲೆ ‘ಪ್ಲಸ್ ಎಫ್’ ಗುರುತು ನೋಡೀರೇನು? ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ್ದಾರೆ ಅಂತ ಅರ್ಥ. 2018ರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಅದರ ಪ್ರಮಾಣವೂ ನಿಗದಿಯಾಗಿದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಾವು ಉಣ್ಣೋದು ಸ್ವಂತ ಹೊಲದ ಬಿಳಿಜೋಳದ ರೊಟ್ಟಿ. ಊರ ಗಿರಣಿಯಲ್ಲಿ ಬೀಸಿದ ಆ ಹಿಟ್ಟಿಗೆ ಯಾರೂ ಏನೂ ಬೆರೆಸಂಗಿಲ್ಲ. ಇತ್ತ ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಅನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ.

ಹಂಗಾದ್ರೆ ಬೀಜದಲ್ಲೇ ಕಬ್ಬಿಣ ಇರಬೇಕು. ಇಕ್ರಿಸ್ಯಾಟ್ ಮತ್ತು ಪರಭಣಿ ಕೃಷಿ ವಿ.ವಿ. 2018ರಲ್ಲಿ ಹೊರತಂದ ‘ಪರಭಣಿ ಶಕ್ತಿ’ ಜೋಳದಲ್ಲಿ ಕಿಲೋಗೆ ಸುಮಾರು 45 ಮಿ.ಗ್ರಾಂ ಕಬ್ಬಿಣ, 32 ಮಿ.ಗ್ರಾಂ ಸತು ಇದೆ. ಸಾಮಾನ್ಯ ಜೋಳದಲ್ಲಿ 30, 20ರ ಆಸುಪಾಸು. ಹಾಗಂತ ಮಾಲದಂಡಿ ಬಿಟ್ಟು ಹೊಲಕ್ಕೆಲ್ಲ ಇದನ್ನೇ ಬಿತ್ತಬ್ಯಾಡ್ರಿ. ನಮ್ಮ ಎರಿ ಭೂಮಿಗೆ, ಹಿಂಗಾರಿಗೆ ಹೊಂದುತ್ತೇನು ಅಂತ ಕೆವಿಕೆಯಲ್ಲಿ ಕೇಳಿ, ಮೊದಲು ಒಂದೆರಡು ಗುಂಟೆ ಹಾಕಿ ನೋಡ್ರಿ.

ಜೋಳದಲ್ಲಿರೋ ಫೈಟೇಟ್ ಕಬ್ಬಿಣವನ್ನು ಮೈಗೆ ಹತ್ತಗೊಡೋದಿಲ್ಲ. ಲಿಂಬಿಯ ಸಿ ಜೀವಸತ್ವ ಅದಕ್ಕೆ ದಾರಿ ಮಾಡಿಕೊಡುತ್ತದೆ. ಪಲ್ಯದ ಮೇಲೆ ಅರ್ಧ ಲಿಂಬಿ ಹಿಂಡ್ಕೊಳ್ರಿ (ಲಾರಿಗಟ್ಟಲೆ ಹೊರಗೆ ಕಳಿಸೋ ಇಂಡಿಯವರಿಗೂ ಇದನ್ನ ಹೇಳಬೇಕಾಗಿದೆ!). ಉಂಡ ಕೂಡಲೇ ಚಹಾ ಬ್ಯಾಡ, ಒಂದು ತಾಸು ಬಿಡ್ರಿ. ಹಿಮೋಗ್ಲೋಬಿನ್ ಕಡಿಮೆ ಬಂದವರಿಗೆ ರೊಟ್ಟಿ ಒಂದೇ ಸಾಲದು, ಡಾಕ್ಟರು ಬರೆದ ಗುಳಿಗಿ ತಪ್ಪಿಸಬಾರದು.