ಫಲಕದ ಅಂಕಿಯೂ ಪ್ರಯಾಣಿಕನ ಪಾಡೂ

ಶಿವನಸಮುದ್ರದ ಜಲಶಕ್ತಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೀದಿಯಲ್ಲಿ ನೆಟ್ಟ ಕಂಬವು ಬೆಳಕಲ್ಲ, ಅದರ ತುದಿಯಲ್ಲಿ ಉರಿಯುವ ದೀಪವೇ ಬೆಳಕು ಎಂಬದನ್ನರಿಯಲು ಅಂದಿಗಾಗಲಿ ಇಂದಿಗಾಗಲಿ ಶಾಸ್ತ್ರಾಭ್ಯಾಸವು ಬೇಕಾಗಿಲ್ಲ. ಆದರೆ ವಿದ್ಯುತ್ ಕಾರುಗಳ ಸಾರ್ವಜನಿಕ ಚಾರ್ಜರುಗಳ ವಿಷಯದಲ್ಲಿ ಈ ಸಾಮಾನ್ಯ ವಿವೇಕವನ್ನು ನಾವು ಮರೆತಂತೆ ತೋರುತ್ತದೆ. ಕಂಬಗಳನ್ನು ಎಣಿಸುತ್ತಿದ್ದೇವೆ, ದೀಪಗಳನ್ನು ಎಣಿಸುತ್ತಿಲ್ಲ.

ಈ ವಾಹನಗಳ ವಿಷಯದಲ್ಲಿ ಕರ್ನಾಟಕವು ಹಿಂದೆ ಬಿದ್ದ ನಾಡಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲಿಯೇ ಸಿದ್ಧವಾಗಿ ಹೊರಟಿತು. ಇವುಗಳಿಗಾಗಿಯೇ ಒಂದು ಧೋರಣೆಯನ್ನು ಭಾರತದ ರಾಜ್ಯಗಳಲ್ಲೆಲ್ಲ ಮೊದಲು, 2017ರಲ್ಲಿ, ಪ್ರಕಟಿಸಿದುದೂ ನಮ್ಮ ಸರಕಾರವೇ. 2024ರ ಕೊನೆಯಲ್ಲಿ ಕೇಂದ್ರ ಸರಕಾರವು ಕೊಟ್ಟ ಲೆಕ್ಕದಂತೆ ದೇಶದ 25,202 ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ 5,765 ಕರ್ನಾಟಕದಲ್ಲಿದ್ದವು. ಬೇರಾವ ರಾಜ್ಯದಲ್ಲಿಯೂ ಇಷ್ಟಿರಲಿಲ್ಲ. ಇದನ್ನು ಕೇಳಿ ಸಂತೋಷಪಡದ ಕನ್ನಡಿಗನಾರು? ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರಿನ ಸುತ್ತಿನಲ್ಲಿಯೇ ಇದ್ದವೆಂಬದನ್ನೂ, ಸಂಖ್ಯೆಯೇ ಬೇರೆ ಸೇವೆಯೇ ಬೇರೆ ಎಂಬದನ್ನೂ ನಮ್ಮ ವಾಚಕರು ಮರೆಯಲಾಗದು.

ಮೊದಲು ವೇಗದ ಮಾತು. ಯಂತ್ರದ ಫಲಕದ ಮೇಲೆ ‘60 ಕಿಲೋವ್ಯಾಟ್’ ಎಂದು ಬರೆದಿದೆಯೆನ್ನೋಣ. 40 ಯುನಿಟ್ಟು ಹಿಡಿಯುವ ಬ್ಯಾಟರಿಯನ್ನು ನೂರಕ್ಕೆ 20ರಿಂದ 80ರ ವರೆಗೆ ತುಂಬಿಸಲು 24 ಯುನಿಟ್ಟು ಬೇಕು. ಫಲಕದ ಮಾತು ನಿಜವಾದರೆ 24 ನಿಮಿಷಗಳಲ್ಲಿ ಕೆಲಸವು ಮುಗಿಯತಕ್ಕದ್ದು. ಆದರೆ ಅನೇಕ ಯಂತ್ರಗಳಿಗೆ ಎರಡು ಗನ್ನುಗಳಿದ್ದು, ಎರಡನೆಯ ಕಾರು ಬಂದು ನಿಂತೊಡನೆ ಆ ಶಕ್ತಿಯು ಮೂವತ್ತು ಮೂವತ್ತಾಗಿ ಪಾಲಾಗುವದು. 24 ನಿಮಿಷವು 48 ಆಗುವದು. ಇದಲ್ಲದೆ ಶಕ್ತಿಯೆಂಬದು ವೋಲ್ಟು ಆಂಪಿಯರುಗಳ ಗುಣಾಕಾರ. 125 ಆಂಪಿಯರಿಗಿಂತ ಹೆಚ್ಚು ಕೊಡಲಾರದ ‘50 ಕಿಲೋವ್ಯಾಟ್’ ಯಂತ್ರಕ್ಕೆ 350 ವೋಲ್ಟಿನ ಕಾರನ್ನು ಜೋಡಿಸಿದರೆ ಸಿಕ್ಕುವದು 44 ಕಿಲೋವ್ಯಾಟಿಗೂ ಕಡಿಮೆ. ಕಾರಿನ ಕಡೆಯ ಕಾರಣಗಳೂ ಇಲ್ಲದಿಲ್ಲ. ಬ್ಯಾಟರಿಯು ಅತಿಯಾಗಿ ಕಾದಾಗ ಕಾರೇ ಪ್ರವಾಹವನ್ನು ತಗ್ಗಿಸಿಕೊಳ್ಳುವದು. ನೂರಕ್ಕೆ 80 ತುಂಬಿದ ಮೇಲಂತೂ ತುಂಬುವ ವೇಗವು ಇಳಿಯುತ್ತಲೇ ಹೋಗುವದು. ಆದುದರಿಂದ ತಡವಾದುದಕ್ಕೆಲ್ಲ ಯಂತ್ರದ ಒಡೆಯನನ್ನೇ ದೂರುವದು ನ್ಯಾಯವಲ್ಲ. ಆದರೆ ಪರಮಾವಧಿಯ ಅಂಕಿಯೊಂದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದು, ಪಾಲಾಗುವ ಸಂಗತಿಯನ್ನು ಹೇಳದೆ ಬಿಡುವದು ತಕ್ಕಡಿಯಲ್ಲಿ ಬೆರಳಿಟ್ಟು ತೂಗಿದಂತೆಯೇ ಸರಿ.

ತಡವನ್ನಾದರೂ ತಾಳಬಹುದು, ಯಂತ್ರವೇ ನಡೆಯದಿದ್ದರೆ ಗತಿಯೇನು? ಈ ವಿಷಯದಲ್ಲಿ ಅಮೇರಿಕೆಯ ಒಂದು ಪರೀಕ್ಷೆಯು ಮನನಯೋಗ್ಯವಾಗಿದೆ. ವಿದ್ಯುತ್ ಕಾರುಗಳು ಹೇರಳವಾಗಿರುವ ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಪ್ರದೇಶದಲ್ಲಿ 2022ರಲ್ಲಿ ಸಂಶೋಧಕರು 657 ಶೀಘ್ರ ಚಾರ್ಜರುಗಳ ಬಳಿಗೆ ತಾವೇ ಹೋಗಿ ನೋಡಿದರು. ನೂರಕ್ಕೆ 72.5 ಮಾತ್ರ ಕೆಲಸಮಾಡುತ್ತಿದ್ದವು. ಕೆಲವುಗಳ ತಂತಿಯು ಕಾರಿನ ಬಾಯಿಗೆ ಎಟುಕದಷ್ಟು ಗಿಡ್ಡ. ಕೆಲವುಗಳ ಪರದೆ ಸತ್ತಿತ್ತು. ಕೆಲವು ಹಣವನ್ನೇ ಸ್ವೀಕರಿಸಲಿಲ್ಲ. ಕೆಲವುಗಳಲ್ಲಿ ಜಾಲದ ಸಂಪರ್ಕವಿರಲಿಲ್ಲ. ಕೆಲವುಗಳ ಗನ್ನು ಮುರಿದಿತ್ತು. ಸುಮಾರು ಎಂಟು ದಿನಗಳ ತರುವಾಯ ಕೆಲವನ್ನು ಮತ್ತೆ ಪರೀಕ್ಷಿಸಲು ಒಟ್ಟು ಸ್ಥಿತಿಯು ಸುಧಾರಿಸಿರಲಿಲ್ಲ. ಅವುಗಳನ್ನು ನಡೆಸುವ ಮಂಡಳಿಗಳಾದರೋ ತಮ್ಮ ಯಂತ್ರಗಳು ನೂರಕ್ಕೆ 95ರಿಂದ 98ರಷ್ಟು ಕಾಲ ಸುಸ್ಥಿತಿಯಲ್ಲಿರುತ್ತವೆಂದು ಹೇಳುತ್ತಿದ್ದವು. ಯಂತ್ರವು ತಾನು ಕ್ಷೇಮವೆಂದು ಕಚೇರಿಗೆ ವರ್ತಮಾನ ಕಳಿಸುತ್ತಿರುವಾಗಲೇ ಅದರ ಮುಂದೆ ನಿಂತ ಪ್ರಯಾಣಿಕನು ಬರಿಗೈಯಲ್ಲಿ ಹಿಂದಿರುಗುವದುಂಟು.

ಇದರ ಪರಿಹಾರಕ್ಕೆ ಅನ್ಯದೇಶಗಳು ಕಾಯಿದೆಯ ಮೊರೆಹೊಕ್ಕಿವೆ. ಅಮೇರಿಕೆಯ ಕೇಂದ್ರ ಸರಕಾರವು ತನ್ನ ಸಹಾಯಧನದಿಂದ ಹೆದ್ದಾರಿಯಲ್ಲಿ ನಿಲ್ಲುವ ಪ್ರತಿಯೊಂದು ಚಾರ್ಜರು ನೂರಕ್ಕೆ 97ರಷ್ಟು ಕಾಲ ನಡೆಯಬೇಕೆಂದು 2023ರಲ್ಲಿ ವಿಧಿಸಿತು. ಬ್ರಿಟನ್ನಿನ 2023ರ ನಿಯಮಗಳಂತೆ 50 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಚಾರ್ಜರುಗಳ ಪ್ರತಿಯೊಂದು ಜಾಲವೂ 2024ರ ನವೆಂಬರದಿಂದ ವರ್ಷದ ಸರಾಸರಿಯಲ್ಲಿ ನೂರಕ್ಕೆ 99ರ ಭರವಸೆಯನ್ನು ಸಲ್ಲಿಸಬೇಕು. ಹಗಲಿರುಳೂ ಉತ್ತರಿಸುವ ದೂರವಾಣಿಯನ್ನಿಟ್ಟಿರಬೇಕು. 97 ಎಂದರೆ ವರ್ಷದಲ್ಲಿ ಸುಮಾರು 11 ದಿನಗಳ ಬಂದು. 99 ಎಂದರೆ ನಾಲ್ಕು ದಿನಗಳಿಗೂ ಕಡಿಮೆ. ಸರಾಸರಿಯ ಲೆಕ್ಕದಲ್ಲಿ ನಗರದ ನೂರು ಒಳ್ಳೆಯ ಯಂತ್ರಗಳ ಮರೆಯಲ್ಲಿ ಹೆದ್ದಾರಿಯ ಒಂದು ಕೆಟ್ಟ ಯಂತ್ರವು ಅಡಗಿಕೊಳ್ಳಬಹುದೆಂಬ ಕುಂದು ಇದೆ. ಆದರೂ ಅಳತೆಗೋಲೆಂಬದು ಒಂದಾದರೂ ಇದೆ.

ನಮ್ಮ ಕೇಂದ್ರ ಸರಕಾರದ 2024ರ ಮಾರ್ಗಸೂಚಿಗಳು ಹೆದ್ದಾರಿಯ ಎರಡೂ ಬದಿಗೆ 20 ಕಿಲೋಮೀಟರಿಗೊಂದರಂತೆ ಕೇಂದ್ರಗಳಿರಬೇಕೆನ್ನುತ್ತವೆ. ಗುರಿಯು ಸ್ತುತ್ಯವಾದುದು. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಹೊರಟ ಗೃಹಸ್ಥನನ್ನು ನೆನೆಯಿರಿ. ಮಕ್ಕಳು ಹಿಂದಿನ ಆಸನದಲ್ಲಿ ನಿದ್ರಿಸುತ್ತಿರಲು, ಬ್ಯಾಟರಿಯಲ್ಲಿ ನೂರಕ್ಕೆ ಹತ್ತು ಉಳಿದಿರಲು, ಚಿತ್ರದುರ್ಗದ ಆಚೆ ಕತ್ತಲಲ್ಲಿ ನಿಂತ ಆತನಿಗೆ ರಾಜ್ಯದಲ್ಲಿರುವ ಸಹಸ್ರಾರು ಕೇಂದ್ರಗಳಿಂದ ಆಗಬೇಕಾದುದೇನು? ಆತನ ಮುಂದಿರುವ ಒಂದು ನಡೆಯಬೇಕು.

ಆದಕಾರಣ ನಮ್ಮ ಸೂಚನೆಗಳು ಇವು. ಪ್ರತಿಯೊಂದು ಸಾರ್ವಜನಿಕ ಚಾರ್ಜರು ಎಷ್ಟು ಗಂಟೆ ನಡೆಯಿತು, ಎಷ್ಟು ಸಲ ಆರಂಭಿಸಿದ ಚಾರ್ಜಿಂಗು ನಡುವೆ ನಿಂತಿತು ಎಂಬದನ್ನು ತಿಂಗಳು ತಿಂಗಳಿಗೆ ಹೆಸರು ಸಹಿತ ಪ್ರಕಟಿಸಬೇಕು. ಈ ಲೆಕ್ಕವನ್ನು ಒಡೆಯರ ಮಾತಿನ ಮೇಲೆ ನಂಬದೆ, ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಕಾರು ತಂದು ಜೋಡಿಸಿ ನೋಡಬೇಕು. ಎರಡು ಕಾರುಗಳು ನಿಂತಾಗ ದೊರೆಯುವ ಶಕ್ತಿಯನ್ನೂ ಫಲಕದ ಮೇಲೆ ಬರೆಯಿಸಬೇಕು. ರಾತ್ರಿಯ ದೂರವಾಣಿಗೆ ಕನ್ನಡದಲ್ಲಿ ಉತ್ತರಿಸುವ ಮನುಷ್ಯನಿರಬೇಕು. ಸಹಾಯಧನದ ಒಂದು ಭಾಗವನ್ನಾದರೂ ಯಂತ್ರವನ್ನು ನಿಲ್ಲಿಸಿದುದಕ್ಕಲ್ಲ, ಅದು ಹಂಚಿದ ಯುನಿಟ್ಟುಗಳಿಗೆ ಕೊಡಬೇಕು.

ಕಾರಿನವರ ಕರ್ತವ್ಯವೂ ಇದೆ. ಹಿಂದೆ ಮತ್ತೊಬ್ಬನು ಕಾದಿರುವಾಗ ನೂರಕ್ಕೆ 80 ತುಂಬಿದ ಮೇಲೂ ಸ್ಥಳ ಬಿಡದೆ ನಿಲ್ಲುವವನೂ, ಚಾರ್ಜಿಂಗ್ ಸ್ಥಳದಲ್ಲಿ ಪೆಟ್ರೋಲಿನ ಕಾರನ್ನು ನಿಲ್ಲಿಸಿ ಊಟಕ್ಕೆ ಹೋಗುವವನೂ, ಗನ್ನನ್ನು ನೆಲಕ್ಕೆ ಎಸೆಯುವವನೂ ಈ ದುರವಸ್ಥೆಗೆ ಪಾಲುಗಾರರೇ.

ಹೊಸದೊಂದು ಸಾಧನದ ಮೇಲೆ ಜನರಿಗೆ ನಂಬಿಗೆ ಹುಟ್ಟುವದು ತಡ. ಕೆಡುವದು ಒಂದೇ ರಾತ್ರಿಯಲ್ಲಿ. ಆಳುವವರು ಕಂಬಗಳ ಎಣಿಕೆಯನ್ನು ಬಿಟ್ಟು ಉರಿಯುವ ದೀಪಗಳ ಎಣಿಕೆಯನ್ನು ಇಂದೇ ಆರಂಭಿಸಲಿ.