ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಮಾವ, ಅಳಿಯ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ತಲೆಮಾರಿನವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜಮ್‌ಶೆಟ್‌ಜಿ ಟಾಟಾ ಅವರ ಕನಸು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ, 1909ರಲ್ಲಿ ಸ್ಥಾಪನೆ. ಇಷ್ಟು ಎಲ್ಲರಿಗೂ ಗೊತ್ತು. ನಂಜನಗೂಡು, ತಿ. ನರಸೀಪುರದ ಕಡೆಯಿಂದ ಹೋದ ನಮ್ಮವರು ಗೋಪುರವಿರುವ ಮುಖ್ಯ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ಇನ್ನಷ್ಟು ಒಳಗೆ ನಡೆದರೆ ಗೋಪುರವಾಗಲಿ ಅಲಂಕಾರದ ಕಂಬವಾಗಲಿ ಇಲ್ಲದ, ಸರಳವಾದ ಉದ್ದನೆಯ ಕಟ್ಟಡಗಳು ಸಿಗುತ್ತವೆ. ವಿಮಾನ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಹಾಲ್ ಮತ್ತು ಸಭಾಂಗಣ. ಇವುಗಳನ್ನು ರೂಪಿಸಿದವರು ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿ, ಯಹೂದಿ ಎಂಬ ಒಂದೇ ಕಾರಣಕ್ಕೆ ಕೆಲಸವನ್ನೂ ದೇಶವನ್ನೂ ಕಳೆದುಕೊಂಡವರು.

ಅವರಿಗಿಂತ ಮೊದಲೇ ಅವರ ಸೋದರಮಾವ ಇದೇ ಆವರಣದಲ್ಲಿ ಪಾಠ ಹೇಳಿ ಹೋಗಿದ್ದರು. ಆ ಮಾವ ಬೇರೆ ಯಾರೂ ಅಲ್ಲ, ಕ್ವಾಂಟಮ್ ಭೌತಶಾಸ್ತ್ರದ ಹಿರಿಯ ಮ್ಯಾಕ್ಸ್ ಬಾರ್ನ್.

ಹಿಟ್ಲರ್ ಅಧಿಕಾರಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲೇ, 1933ರ ಏಪ್ರಿಲ್ 7ರಂದು, ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ಬಂತು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕಿತ್ತು. ಬಾರ್ನ್ ಕ್ರೈಸ್ತ ದೀಕ್ಷೆ ಪಡೆದು ಆಗಲೇ ಸುಮಾರು ಎರಡು ದಶಕ ಕಳೆದಿತ್ತು. ಕಾನೂನಿಗೆ ಅದು ಲೆಕ್ಕಕ್ಕಿರಲಿಲ್ಲ. ಅದೇ ತಿಂಗಳಲ್ಲಿ ಅವರನ್ನು ಗಟಿಂಗನ್ ವಿಶ್ವವಿದ್ಯಾಲಯದ ಕೆಲಸದಿಂದ ದೂರವಿಡಲಾಯಿತು. ಹೆಂಡತಿ ಹೆಡಿ ಮತ್ತು ಮೂವರು ಮಕ್ಕಳ ಸಂಸಾರ ಊರು ಬಿಟ್ಟಿತು. ಕೇಂಬ್ರಿಜ್‌ನಲ್ಲಿ ಸಿಕ್ಕಿದ್ದು ತಾತ್ಕಾಲಿಕ ನೆಲೆ.

ಆಗ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಸಿ. ವಿ. ರಾಮನ್. ಜರ್ಮನಿ ಹೊರಗೆಸೆದ ಪ್ರತಿಭೆಯನ್ನು ಬೆಂಗಳೂರಿಗೆ ತರಬೇಕು ಎಂದು ಅವರು ಪಟ್ಟು ಹಿಡಿದಿದ್ದರು. 1935ರ ಕೊನೆಯ ಹೊತ್ತಿಗೆ ಬಾರ್ನ್ ದಂಪತಿ ಇಲ್ಲಿಗೆ ಬಂದರು. ಆರು ತಿಂಗಳ ಆ ವಾಸ್ತವ್ಯವನ್ನು ಕಾಯಂ ಮಾಡಲು ರಾಮನ್ ಯತ್ನಿಸಿದರು. ಪ್ರಾಧ್ಯಾಪಕರ ಸಭೆಯಲ್ಲಿ, ಬಾರ್ನ್ ಎದುರಿಗೇ ಇದ್ದಾಗ, ಇಂಗ್ಲೆಂಡಿನ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ ಎಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. ಸಂಸ್ಥೆಯ ಒಳಜಗಳದಲ್ಲಿ ರಾಮನ್ ಅವರೂ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಸಂಸ್ಥೆಯನ್ನು ಹೊಗಳುವಾಗ ಈ ಅಧ್ಯಾಯವನ್ನು ನಾವು ಮುಚ್ಚಿಡಬಾರದು. ನೆಲೆ ಕೇಳಿ ಬಂದವರನ್ನು ನೋಯಿಸಿದ ಮಾತು ಈ ಅಂಗಳದಲ್ಲೇ ಹುಟ್ಟಿತ್ತು.

ಆದರೆ ಬೆಂಗಳೂರಿನಲ್ಲಿದ್ದಾಗ ಬಾರ್ನ್ ಅವರಿಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಪರಿಚಯವಾಗಿತ್ತು. ಆ ಪರಿಚಯ ಅಳಿಯನ ಕೈ ಹಿಡಿಯಿತು.

ಕೋನಿಗ್ಸ್‌ಬರ್ಗರ್ 1933ರಲ್ಲೇ ಜರ್ಮನಿಯ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಗೆದ್ದಿದ್ದರು. ಅದೇ ವರ್ಷ ಕೆಲಸ ಹೋಯಿತು. ಈಜಿಪ್ಟಿಗೆ ಹೋಗಿ, ನೆಫರ್ತಿತಿಯ ಪ್ರಸಿದ್ಧ ಶಿಲ್ಪವನ್ನು ಬೆಳಕಿಗೆ ತಂದ ಲುಡ್ವಿಗ್ ಬೋರ್ಕಾರ್ಟ್ ಅವರ ಜೊತೆ ಪ್ರಾಚೀನ ಕಟ್ಟಡಗಳ ಸಂಶೋಧನೆ ಮಾಡಿದರು. ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಪ್ರಾಚೀನ ಈಜಿಪ್ಟಿನ ಬಾಗಿಲುಗಳನ್ನು ಕಟ್ಟುತ್ತಿದ್ದ ಬಗೆ. 1939ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಕರೆಸಿಕೊಂಡು ಮುಖ್ಯ ವಾಸ್ತುಶಿಲ್ಪಿಯನ್ನಾಗಿ ಮಾಡಿತು. ವಯಸ್ಸು ಆಗಿನ್ನೂ ಮೂವತ್ತರ ಆಸುಪಾಸು.

ದೇವನೂರಿನ ಗುರುಮಲ್ಲೇಶ್ವರರ ದಾಸೋಹ ಪರಂಪರೆಯನ್ನು ಕಂಡು ಬೆಳೆದ ನಮಗೆ ಹಸಿದು ಬಂದವರಿಗೆ ಅನ್ನವಿಕ್ಕುವುದು ಎಷ್ಟು ದೊಡ್ಡದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು ಈ ಯುವಕನಿಗೆ ಕೊಟ್ಟಿದ್ದು ಅನ್ನಕ್ಕಿಂತ ಹೆಚ್ಚಿನದು. ಅವರು ಕಲಿತ ಕಸುಬನ್ನೇ ಮಾಡುವ ಹುದ್ದೆ, ಅಧಿಕಾರ, ಸಂಬಳ. ಸಂಸ್ಥಾನಕ್ಕೂ ಅಂಥವರು ಬೇಕಿತ್ತು ಎನ್ನುವುದು ನಿಜ. ಹಾಗಿದ್ದೂ, ಕರುಣೆಯಿಂದ ಇರಿಸಿಕೊಳ್ಳುವುದಕ್ಕಿಂತ ನೀನು ನಮಗೆ ಬೇಕು ಎಂದು ಕರೆಯುವುದೇ ದೊಡ್ಡ ಗೌರವ ಎಂಬುದು ನನ್ನ ನಂಬಿಕೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಜರ್ಮನ್ನರನ್ನು ಶತ್ರು ದೇಶದವರು ಎಂದು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದಾಗ ಹಿಟ್ಲರನಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿಗಳೂ ಅದರಲ್ಲಿ ಸಿಕ್ಕಿಬಿದ್ದರು. ವಿಚಾರಣೆ ನಡೆಸಿ ಅವರನ್ನು ಬಿಡಬೇಕಾಯಿತು. ಅತ್ತ ಎಡಿನ್‌ಬರೋದಲ್ಲಿದ್ದ ಬಾರ್ನ್ ಬ್ರಿಟಿಷ್ ಪ್ರಜೆಯಾದದ್ದು ಯುದ್ಧದ ಹಿಂದಿನ ದಿನ, ಆಗಸ್ಟ್ 31ರಂದು.

ಹೊರಡಲಾಗದೆ ಉಳಿದ ಮನೆಗಳಿಗೆ ಏನಾಯಿತು? ಬಾರ್ನ್ ಹುಟ್ಟಿದೂರು ಬ್ರೆಸ್ಲಾವ್. 1941ರ ನವೆಂಬರ್ 25ರಂದು ಅಲ್ಲಿಂದ ಸುಮಾರು ಸಾವಿರ ಯಹೂದಿಗಳನ್ನು, ಗಂಡ ಹೆಂಡತಿ ಮಕ್ಕಳೆನ್ನದೆ, ರೈಲಿಗೆ ತುಂಬಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಲಿಥುವೇನಿಯಾದ ಕೌನಾಸ್‌ಗೆ ಸಾಗಿಸಿದರು. ನಾಲ್ಕು ದಿನದ ಬಳಿಕ ಅಲ್ಲಿನ ಒಂಬತ್ತನೇ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಅಳಿಯನ ಊರಾದ ಬರ್ಲಿನ್‌ನಲ್ಲಿ 1933ರಲ್ಲಿ ಸುಮಾರು 1,60,000 ಯಹೂದಿಗಳಿದ್ದರು. ಅವರಲ್ಲಿ 55,000ಕ್ಕೂ ಹೆಚ್ಚು ಜನ ಕೊಲೆಯಾದರು. ನೆಲಮಾಳಿಗೆ, ತೋಟದ ಶೆಡ್ಡು, ಪರಿಚಯದವರ ಅಟ್ಟ ಎಂದು ಅಡಗಿಕೊಂಡು, ರೇಷನ್ ಚೀಟಿಯಿಲ್ಲದೆ, ಯಾರಾದರೂ ಕೊಟ್ಟದ್ದನ್ನು ತಿಂದು ಬದುಕಿ ಉಳಿದವರು ಸುಮಾರು 1,700. ಅದೇ ವರ್ಷಗಳಲ್ಲಿ ಕೋನಿಗ್ಸ್‌ಬರ್ಗರ್ ಬೆಂಗಳೂರಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದರು ಎಂಬುದನ್ನು ನೆನೆದಾಗ ಮೈ ಜುಮ್ಮೆನ್ನುತ್ತದೆ.

ಮಿರ್ಜಾ ಸಾಹೇಬರಿಗೆ ಗುಮ್ಮಟ, ಕಮಾನು, ಉದ್ಯಾನಗಳ ಮೇಲೆ ಬಹಳ ಪ್ರೀತಿ. ಹೊಸ ಕಾಲದ ಸರಳ ಕಟ್ಟಡಗಳ ಶಾಲೆಯಲ್ಲಿ ಪಳಗಿದ ಕೋನಿಗ್ಸ್‌ಬರ್ಗರ್‌ಗೆ ಅದು ಒಗ್ಗದ ಮಾತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪದಲ್ಲಿ ದಿವಾನರ ಅಭಿರುಚಿಗೆ ಮಣಿದದ್ದು ಕಾಣುತ್ತದೆ. ಟಾಟಾ ಇನ್‌ಸ್ಟಿಟ್ಯೂಟಿನ ಕಟ್ಟಡಗಳಲ್ಲಿ ಅವರದೇ ಕೈ ಸ್ಪಷ್ಟವಾಗಿದೆ. ಲೋಹಶಾಸ್ತ್ರ ವಿಭಾಗದ ಮುಂದೆ ನಡು ಮಧ್ಯಾಹ್ನ ನಿಂತು ನೋಡಬೇಕು. ಕಿಟಕಿಗಳ ಮೇಲೆ ಉದ್ದಕ್ಕೂ ಹಾಯ್ದ ಛಜ್ಜದ ನೆರಳು ಗೋಡೆಯ ಮೇಲೆ ಬಿದ್ದಿರುತ್ತದೆ. ಒಳಗೆ ಬೆಳಕಿದೆ, ಬಿಸಿಲಿಲ್ಲ. ಉದ್ದನೆಯ ಗೋಡೆ ಸೂರ್ಯನ ಕಡೆ ಹೇಗೆ ಮುಖ ಮಾಡಬೇಕು, ಎದುರು ಬದುರು ಕಿಟಕಿಯಿಟ್ಟು ಗಾಳಿಯನ್ನು ಹೇಗೆ ಹಾಯಿಸಬೇಕು, ಮಳೆಯ ಎರಚಲು ಒಳಬಾರದಂತೆ ಹೇಗೆ ತಡೆಯಬೇಕು ಎಂಬುದನ್ನು ಚಳಿ ದೇಶದ ಈ ಮನುಷ್ಯ ನಮ್ಮ ಸೀಮೆಯಲ್ಲಿ ಕಲಿತರು. ವಿಮಾನ ವಿಭಾಗ 1942ರಲ್ಲಿ ಶುರುವಾದದ್ದೇ ಯುದ್ಧಕಾಲದ ಅಗತ್ಯದಿಂದ. ಭದ್ರಾವತಿಯ ಪಟ್ಟಣ ಯೋಜನೆ ಮಾಡಿದವರೂ ಇವರೇ, ಜಮ್‌ಶೆಡ್‌ಪುರದ್ದೂ ಇವರದೇ.

ಯಹೂದಿಗಳು ಮೈಸೂರು ಸಂಸ್ಥಾನಕ್ಕೆ ಅಷ್ಟೇನೂ ಅಪರಿಚಿತರಾಗಿರಲಿಲ್ಲ. ನಾವು ಬೆಂಗಳೂರಿಗೆ ಹೋಗುವ ಮೈಸೂರು ರಸ್ತೆಯ ಪಕ್ಕದಲ್ಲೇ ಅವರದೊಂದು ಚಿಕ್ಕ ಸ್ಮಶಾನವಿದೆ. ಅದರ ಜಾಗ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟಿದ್ದು.

1948ರಲ್ಲಿ ನೆಹರೂ ಸರ್ಕಾರ ಕೋನಿಗ್ಸ್‌ಬರ್ಗರ್ ಅವರನ್ನು ದೆಹಲಿಗೆ ಕರೆದು ವಸತಿ ನಿರ್ದೇಶಕರನ್ನಾಗಿ ಮಾಡಿತು. ದೇಶ ವಿಭಜನೆಯಲ್ಲಿ ಮನೆ ಮಠ ಕಳೆದುಕೊಂಡ ಲಕ್ಷಾಂತರ ಜನ ಬಯಲಲ್ಲಿದ್ದರು. ಫರೀದಾಬಾದ್, ಗಾಂಧಿಧಾಮದಂಥ ಪುನರ್ವಸತಿ ಊರುಗಳ ಯೋಜನೆಯಲ್ಲಿ ದುಡಿದರು. ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯೂ ಅವರದೇ. ಕಾರ್ಖಾನೆಯಲ್ಲಿ ಗೋಡೆಗಳನ್ನು ಅಚ್ಚು ಹಾಕಿ ತಂದು ಬೇಗ ಬೇಗ ಮನೆ ಜೋಡಿಸುವ ದೆಹಲಿಯ ಯೋಜನೆ ಮಾತ್ರ ಕೈಕೊಟ್ಟಿತು. ಅಚ್ಚಿನ ಗೋಡೆಗಳು ಬಿರುಕು ಬಿಟ್ಟವು, ಟೀಕೆ ಜೋರಾಯಿತು. 1951ರಲ್ಲಿ ಅವರು ಲಂಡನ್ನಿಗೆ ಹೋದರು. ಅಲ್ಲಿ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳಿಗೆ ಬಿಸಿಲು ನಾಡಿನ ಕಟ್ಟಡ ಕಲೆಯನ್ನು ದಶಕಗಳ ಕಾಲ ಕಲಿಸಿದರು. ಈ ವಿಷಯದ ಮೇಲೆ ಸಹೋದ್ಯೋಗಿಗಳ ಜೊತೆ ಸೇರಿ 1974ರ ಸುಮಾರಿಗೆ ಅವರು ತಂದ ಕೈಪಿಡಿಯನ್ನು ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇಂದಿಗೂ ಓದಿಸುತ್ತಾರೆ.