ಮಣ್ಣು ನೋಡಿ ಸಸಿ, ಮನಸ್ಸು ನೋಡಿ ಉದ್ಯೋಗ



ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಸಂಘಕ್ಕೆ ಬರುವ ಸಾಲದ ಅರ್ಜಿಗಳ ಸ್ವರೂಪವೇ ಬದಲಾಗುತ್ತದೆ. ಗೊಬ್ಬರಕ್ಕೆ, ಕಣದ ದುರಸ್ತಿಗೆ ಕೇಳುತ್ತಿದ್ದವರು ಮಕ್ಕಳ ಓದಿಗೆ ಕೇಳುತ್ತಾರೆ. ಕೇಳಲಿ, ತಪ್ಪೇನೂ ಇಲ್ಲ. ಆದರೆ ಓದಿದ ಮೇಲೆ ಏನು ಎಂದರೆ 'ಬೆಂಗಳೂರು' ಎಂಬ ಒಂದೇ ಉತ್ತರ. ಅಲ್ಲಿ ಏನು ಕೆಲಸ, ಆ ಕೆಲಸ ಈ ಹುಡುಗನ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂದು ಕೇಳಿದರೆ ತಂದೆಯೂ ಸುಮ್ಮನೆ, ಮಗನೂ ಸುಮ್ಮನೆ. ತೋಟದ ಆಧಾರದ ಮೇಲೆ ಸಾಲ ತೆಗೆದು ಮಾಡುವ ಈ ಖರ್ಚಿನಲ್ಲಿ ಹಣಕ್ಕಿಂತ ದೊಡ್ಡದೊಂದು ಪಣವಿದೆ: ಒಬ್ಬರ ಮೂವತ್ತು ನಲವತ್ತು ವರ್ಷದ ದುಡಿಮೆ. ಆದ್ದರಿಂದ ಈ ವಿಷಯವನ್ನು ಇಲ್ಲಿ ಚರ್ಚಿಸುವುದು ಉಚಿತವೆಂದು ಭಾವಿಸಿದ್ದೇವೆ.

ಮಲೆನಾಡಿನ ನಮಗೆ ದುಡಿಯುವ ಬೆಂಗಳೂರೆಂದರೆ ಮುಖ್ಯವಾಗಿ ಮೂರು ಹೆಸರು: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ಮೂರೂ ಒಂದೇ ಎಂದು ತಿಳಿಯುವುದು ಅರೇಬಿಕಾ, ರೊಬಸ್ಟಾ, ಅಡಿಕೆ ಮೂರನ್ನೂ ಒಂದೇ ಬೆಳೆ ಎಂದಂತೆ.

ತುಮಕೂರು ರಸ್ತೆಯ ಪೀಣ್ಯ ಸಾವಿರಾರು ಸಣ್ಣ ಕಾರ್ಖಾನೆಗಳ ಊರು. ಲೇತ್, ಅಚ್ಚು, ಪಂಪಿನ ಬಿಡಿಭಾಗ, ಲೋಹದ ಲೇಪನ, ಸಿದ್ಧ ಉಡುಪು ಹೀಗೆ ಕೈಗೂ ಕಣ್ಣಿಗೂ ಕೆಲಸ. ಪಾಳಿಯ ಕೊನೆಗೆ ಮಾಡಿದ ವಸ್ತು ಎದುರಿಗಿರುತ್ತದೆ. ಆದರೆ ಸದ್ದು, ಎಣ್ಣೆ, ನಿಂತೇ ಮಾಡಬೇಕಾದ ದುಡಿಮೆ ಇದ್ದದ್ದೇ.

ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ. ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗರು ಕಂಡ ಕನಸು ಅದು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಆರಂಭವಾಯಿತು. ಇಂದು ಅಲ್ಲಿ ಹೆಚ್ಚಿನದು ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸ. ಪ್ರೋಗ್ರಾಂ ಬರೆಯುವುದು, ಅದರ ದೋಷ ಹುಡುಕುವುದು, ದೂರದ ಗ್ರಾಹಕನಿಗೆ ಉತ್ತರ ಹೇಳುವುದು. ಅಮೆರಿಕದವರ ಹಗಲು ಎಷ್ಟೋ ಸಲ ಇಲ್ಲಿಯವರ ರಾತ್ರಿಯ ಪಾಳಿ.

ವೈಟ್‌ಫೀಲ್ಡಿನ ಮೂಲವನ್ನು ನಮ್ಮ ಕೃಷಿಕರು ವಿಶೇಷವಾಗಿ ಗಮನಿಸಬೇಕು. ಆ ಊರು ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಸಂಘದ ಮುಂದಾಳು ವೈಟ್ ಎಂಬವರ ಹೆಸರೇ ಊರಿಗೆ ಬಂತು. ಕಚೇರಿ, ರೈಲ್ವೆ ನೌಕರಿಗಳಿಗೆ ಒಗ್ಗಿದ ಸಮುದಾಯ ಭೂಮಿಯನ್ನು ನೆಚ್ಚಿ ಬದುಕಲಿ ಎಂಬುದು ಉದ್ದೇಶ. ಉದ್ದೇಶವೂ ಒಳ್ಳೆಯದು, ಭೂಮಿಯೂ ಸಿಕ್ಕಿತು. ಬೇಸಾಯದ ಊರು ಮಾತ್ರ ಎಣಿಸಿದಷ್ಟು ಬೆಳೆಯಲಿಲ್ಲ. ಬಹುಕಾಲ ಅದು ನಿವೃತ್ತರು ನೆಮ್ಮದಿಯಾಗಿ ವಾಸಿಸುವ ಪುಟ್ಟ ಹಳ್ಳಿಯಾಗಿತ್ತು. 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕು ಬಂದ ಮೇಲೆ ಅದರ ಚಹರೆಯೇ ಬೇರೆಯಾಯಿತು. ಎಕರೆ ಕೊಟ್ಟ ಮಾತ್ರಕ್ಕೆ ರೈತ ಆಗುವುದಿಲ್ಲ. ಹಾಗೆಯೇ ಕುರ್ಚಿ, ಕಂಪ್ಯೂಟರ್ ಕೊಟ್ಟ ಮಾತ್ರಕ್ಕೆ ತೃಪ್ತ ನೌಕರನೂ ಆಗುವುದಿಲ್ಲ.

ಹಾಗಾದರೆ ನೋಡಬೇಕಾದ್ದು ಏನು? ಅರೇಬಿಕಾ ಹಾಕುವ ಮೊದಲು ನಾವು ಎತ್ತರ ನೋಡುತ್ತೇವೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಮೇಲ್ಪಟ್ಟ ಜಾಗ ಅದಕ್ಕೆ ಹಿತ. ತಗ್ಗಿನ ಬಿಸಿಗೆ ರೊಬಸ್ಟಾ ಒಗ್ಗುತ್ತದೆ. ನೆರಳು ಸಾಲದ ಅರೇಬಿಕಾಕ್ಕೆ ಕಾಂಡಕೊರಕ ಬೇಗ ಬೀಳುತ್ತದೆ. ಆಗ ಗಿಡವನ್ನು ಸೋಮಾರಿ ಎಂದು ಯಾರೂ ಬೈಯುವುದಿಲ್ಲ. ಮಗ ಬಾಡಿದಾಗ ಮಾತ್ರ 'ಹೊಂದಿಕೊಳ್ಳಲು ಬಾರದವನು' ಎನ್ನುತ್ತೇವೆ!

ನಮ್ಮ ಬಳಗದ ಮೂರು ಉದಾಹರಣೆ ಹೇಳುತ್ತೇವೆ, ಹೆಸರು ಬೇಡ. ಒಬ್ಬ ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆರು ವರ್ಷ ಒಳ್ಳೆಯ ಸಂಬಳಕ್ಕೆ ದುಡಿದ, ಆದರೆ ಉತ್ಸಾಹವಿಲ್ಲ. ಊರಿನಲ್ಲಿದ್ದಾಗ ಅಡಿಕೆ ಸುಲಿಯುವ ಯಂತ್ರ ಕೆಟ್ಟರೆ ಬಿಚ್ಚಿ ಸರಿಮಾಡಿ, ಅದು ತಿರುಗುವುದನ್ನು ನೋಡಿಯೇ ಊಟಕ್ಕೆ ಏಳುತ್ತಿದ್ದವನು ಅವನು. ಕಡಮೆ ಸಂಬಳವಾದರೂ ಸರಿಯೆಂದು ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಸೇರಿದ. ಈಗ ಊರಿಗೆ ಬಂದರೆ ಕೆಲಸದ ಮಾತೇ ಆಡುತ್ತಾನೆ. ಇನ್ನೊಬ್ಬಳು ಹುಡುಗಿ ಸಣ್ಣವಳಿದ್ದಾಗ ಕಣದಲ್ಲಿ ಕುಳಿತು ಕಪ್ಪು ಕಾಫಿಬೀಜವನ್ನು ಒಂದೂ ಬಿಡದೆ ಆರಿಸುತ್ತಿದ್ದಳು. ಇಂದು ವೈಟ್‌ಫೀಲ್ಡಿನಲ್ಲಿ ಇತರರು ಬರೆದ ಪ್ರೋಗ್ರಾಮಿನ ದೋಷ ಹುಡುಕುವ ಕೆಲಸದಲ್ಲಿ ಸುಖವಾಗಿದ್ದಾಳೆ. ಅವಳಿಗೆ 'ತೋಟಕ್ಕೆ ಬಾ' ಎನ್ನುವುದು ಅನ್ಯಾಯ.

ಮೂರನೆಯವನು ನಗರ ಸಾಕೆಂದು ಹಿಂದಿರುಗಿದ. ಎರಡು ಮಳೆಗಾಲ ಕಳೆಯಿತು. ಕೊಳೆರೋಗದ ಭಯ, ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದ ಪರದಾಟ, ಹೂಮಳೆಗಾಗಿ ಮುಗಿಲು ನೋಡುವ ಕಾತರ ಇವೆಲ್ಲ ಅವನ ಲೆಕ್ಕದಲ್ಲಿ ಇರಲಿಲ್ಲ. ಮತ್ತೆ ಬೆಂಗಳೂರು ಸೇರಿದ. ಅವನಿಗೆ ಬೇಕಾಗಿದ್ದದ್ದು ವಿಶ್ರಾಂತಿ. ಅದನ್ನು ತೋಟದ ಮೇಲಿನ ಪ್ರೀತಿ ಎಂದು ತಿಳಿದಿದ್ದ. ಒಂದು ಕೆಲಸದ ಮೇಲಿನ ಬೇಸರ ಇನ್ನೊಂದರ ಮೇಲಿನ ಒಲವಲ್ಲ ಎಂಬುದನ್ನು ಯುವಕರು ಮನಗಾಣಬೇಕು.

ಮರಳಿ ಬಂದು ನೆಲೆ ನಿಂತವರೂ ಇದ್ದಾರೆ. ವೈಟ್‌ಫೀಲ್ಡಿಗೆ ಸಮೀಪದ ವರ್ತೂರಿನ ಬಳಿ ಸೊರಹುಣಸೆಯ ಎಲ್. ನಾರಾಯಣ ರೆಡ್ಡಿಯವರು ಹುಡುಗರಾಗಿದ್ದಾಗ ಮನೆ ಬಿಟ್ಟು ಹೋಟೆಲಿನಲ್ಲಿ ದುಡಿದರು, ಸಾಗಾಣಿಕೆ ಕಂಪನಿಯಲ್ಲಿ ನೌಕರಿ ಮಾಡಿದರು, ಆ ಬಳಿಕ ಬೇಸಾಯಕ್ಕೆ ಬಂದರು. ಮೊದಲು ಎಲ್ಲರಂತೆ ರಾಸಾಯನಿಕ ಗೊಬ್ಬರ ಸುರಿದರು. ಬೆಳೆ ಬಂದರೂ ಲೆಕ್ಕ ಹಾಕಿದಾಗ ನಷ್ಟ. ಜಪಾನಿನ ಮಸನೊಬು ಫುಕುವೋಕಾ ಅವರ ಪುಸ್ತಕ ಕೈಸೇರಿದ ಮೇಲೆ ದಾರಿ ಬದಲಿಸಿದರು. ಮುಂದೆ ದೊಡ್ಡಬಳ್ಳಾಪುರದ ಬಳಿಯ ಮರಳೇನಹಳ್ಳಿಯಲ್ಲಿ ಅವರು ಕಟ್ಟಿದ ತೋಟ ಸಾವಯವ ಕೃಷಿ ಕಲಿಯಬಯಸುವವರಿಗೆ ಪಾಠಶಾಲೆಯಾಯಿತು. 2019ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಕಲಿಸುವುದನ್ನು ಬಿಡಲಿಲ್ಲ. ಮಣ್ಣಿನ ಕೆಲಸವೂ ಕಲಿಸುವ ಕೆಲಸವೂ ಅವರ ಸ್ವಭಾವಕ್ಕೆ ಒಗ್ಗಿದವು. ಆದರೆ ಅಲ್ಲಿಗೆ ಅವರು ಒಂದೇ ನೆಗೆತದಲ್ಲಿ ತಲುಪಿದವರಲ್ಲ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ನಾವು ಮಕ್ಕಳ ವಿಷಯದಲ್ಲೂ ಅಷ್ಟು ತಾಳ್ಮೆ ತೋರಿದರೆ ತಪ್ಪಿಲ್ಲ.

ಸ್ವಭಾವವನ್ನು ಅರಿಯುವುದು ಹೇಗೆ ಎಂದು ಕೇಳುವವರಿಗೆ ಕೆಲವು ಸಲಹೆ:

ಒಂದು, ಯುವಕರು ಮೂರು ತಿಂಗಳು ದಿನಚರಿ ಬರೆಯಲಿ. ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದರಲ್ಲಿ ಗಡಿಯಾರ ನೋಡಿದೆ ಎಂದು ನಾಲ್ಕು ಸಾಲು ಸಾಕು.

ಎರಡು, ಕಾಲೇಜು ಆರಿಸುವ ಮೊದಲು ಹತ್ತು ದಿನ ಬೆಂಗಳೂರಿನ ನೆಂಟರ ಮನೆಯಲ್ಲಿದ್ದು ಬರಲಿ. ನಿನ್ನೆ ಸೇರಿದವನನ್ನಲ್ಲ, ಐದು ವರ್ಷ ಕೆಲಸ ಮಾಡಿದವನನ್ನು ಕೇಳಲಿ. ಈಗ ಮೆಟ್ರೋ ಪೀಣ್ಯಕ್ಕೂ ಇದೆ, 2023ರಿಂದ ವೈಟ್‌ಫೀಲ್ಡಿಗೂ ಇದೆ, 2025ರ ಆಗಸ್ಟಿನಿಂದ ಎಲೆಕ್ಟ್ರಾನಿಕ್ ಸಿಟಿಗೂ ಇದೆ. ಆದರೂ ಬಾಡಿಗೆ, ಊಟ, ಪ್ರಯಾಣದ ಹೊತ್ತು ಕಳೆದು ಉಳಿಯುವುದೆಷ್ಟು ಎಂದು ಬರೆದುಕೊಳ್ಳಲಿ.

ಮೂರು, ಕೈಕೆಲಸದಲ್ಲಿ ಆಸಕ್ತಿಯಿದ್ದವನನ್ನು ಐ.ಟಿ.ಐ. ಎಂದರೆ ಕೀಳೆಂದು ತಡೆಯಬೇಡಿ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆಯುತ್ತಲೇ ಕಾರ್ಖಾನೆಯಲ್ಲಿ ಕಲಿಯುವ ಅವಕಾಶವಿದೆ. ಕಲಿಯುವಾಗಲೇ ಸ್ವಭಾವದ ಪರೀಕ್ಷೆಯೂ ಆಗುತ್ತದೆ.

ನಾಲ್ಕು, ತನಗೆ ಎಷ್ಟಾದರೆ ಸಾಕು, ಯಾವುದನ್ನು ಬಿಟ್ಟು ಬದುಕಲಾರೆ ಎಂದು ಕೇಳಿಕೊಳ್ಳಲಿ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ತನ್ನ ಅಗತ್ಯದ ಅಳತೆ ಗೊತ್ತಿದ್ದವಳು ಆಕೆ. ಒಬ್ಬನಿಗೆ ರಾತ್ರಿ ಮನೆಯವರೊಡನೆ ಉಣ್ಣುವುದು ಮುಖ್ಯ, ಇನ್ನೊಬ್ಬನಿಗೆ ಹೊಸದನ್ನು ಕಲಿಯುವುದು, ಮತ್ತೊಬ್ಬನಿಗೆ ಸಾಲ ತೀರಿಸುವುದು. ಯಾವುದೂ ಹೀನವಲ್ಲ. ತನ್ನದು ಯಾವುದೆಂದು ತಿಳಿಯದೆ ನೆರೆಮನೆಯವನ ಅಳತೆಯಲ್ಲಿ ಬದುಕಹೊರಟರೆ ತೊಂದರೆ.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. 'ನನ್ನ ಕಷ್ಟ ಮಗನಿಗೆ ಬೇಡ' ಎಂದು ತೋಟದಿಂದ ದೂರವಿಡುವುದೂ, 'ಅಪ್ಪನ ತೋಟ ಹಾಳಾಗುತ್ತದೆ' ಎಂದು ಕಟ್ಟಿಹಾಕುವುದೂ ನಮ್ಮ ಮನಸ್ಸಿನ ಮಾತುಗಳೇ ಹೊರತು ಅವನದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ತೋಟದ ಲೆಕ್ಕದ ಪುಸ್ತಕ ಮಕ್ಕಳ ಕಣ್ಣಿಗೆ ಬೀಳುವುದು ತಂದೆ ತೀರಿಹೋದ ಮೇಲೆ. ಈ ವರ್ಷದ ಕೊಯ್ಲು ಮುಗಿದೊಡನೆ ಆ ಪುಸ್ತಕವನ್ನು ಮಗನ ಮುಂದೆಯೂ ಮಗಳ ಮುಂದೆಯೂ ಬಿಚ್ಚಿಡಿ. ಸಾಲ, ಆಳಿನ ಖರ್ಚು, ಉಳಿದದ್ದು ಎಲ್ಲವೂ ಕಾಣಲಿ. ಆಮೇಲೆ ಅವರು ಹೋದರೂ ತಿಳಿದು ಹೋಗುತ್ತಾರೆ, ಉಳಿದರೂ ತಿಳಿದು ಉಳಿಯುತ್ತಾರೆ.